ಅಣುವಿನ ಕುಣಿತ, ಅಣುವಿನ ಹೆಸರು

ಡೆಲ್ಫ್ಟ್, ನವೆಂಬರ್ 12, 2024

ಬೆಳಗಿನಿಂದ ಕತ್ತಲೆ ಕೋಣೆಯಲ್ಲೇ ಇದ್ದೆ. ಗಾಜಿನ ಮೇಲೆ ಹಾಲಿಡೇ ಸಂಧಿಗಳು ಅಂಟಿ ಕೂತಿವೆ. ಕ್ರೋಮೋಸೋಮುಗಳು ತುಣುಕು ಅದಲುಬದಲು ಮಾಡಿಕೊಳ್ಳುವಾಗ ನಾಲ್ಕು ಡಿಎನ್‌ಎ ಎಳೆಗಳು ಕೂಡುವ ಕವಲು ಅದು. ರಾಬಿನ್ ಹಾಲಿಡೇ 1964ರಲ್ಲೇ ಊಹಿಸಿದ್ದು. ಒಂದು ತೋಳಿಗೆ ಹಸಿರು ಬಣ್ಣ ಕಟ್ಟಿದ್ದೇವೆ, ಇನ್ನೊಂದಕ್ಕೆ ಕೆಂಪು. ಲೇಸರ್ ಬೀಳುವುದು ಹಸಿರಿಗೆ ಮಾತ್ರ. ತೋಳುಗಳು ಕೆಲವೇ ನ್ಯಾನೋಮೀಟರ್ ಹತ್ತಿರ ಬಂದರೆ ಶಕ್ತಿ ದಾಟಿ ಕೆಂಪು ಬೆಳಗುತ್ತದೆ, ಸರಿದರೆ ಮತ್ತೆ ಹಸಿರು.

ಒಂದೇ ಚುಕ್ಕಿಯನ್ನು ನೋಡುತ್ತಾ ಕೂತೆ. ಕೆಂಪು, ಹಸಿರು, ಕೆಂಪು, ತುಸು ಹೊತ್ತು ಹಸಿರು, ಮತ್ತೆ ಕೆಂಪು. ಆಮೇಲೆ ಬಣ್ಣ ಸುಟ್ಟು ಚುಕ್ಕಿ ಆರಿತು. ಮೆಗ್ನೀಷಿಯಂ ಹೆಚ್ಚಿಸಿದ ಮೇಲೆ ಉಳಿದವುಗಳ ಹೊರಳಾಟ ನಿಧಾನವಾಯಿತು. ಕೋಟಿಗಟ್ಟಲೆ ಅಣುಗಳ ಸರಾಸರಿ ತೆಗೆದರೆ ಇದೆಲ್ಲ ಒಂದು ಮಂಕು ಅಂಕಿಯಾಗಿ ಉಳಿಯುತ್ತಿತ್ತು. ಪಠ್ಯಪುಸ್ತಕದಲ್ಲಿ ನಿಶ್ಚಲವಾಗಿ ಬಿದ್ದಿದ್ದ ಚಿತ್ರ ಕಣ್ಣೆದುರೇ ಮಿಸುಕಾಡುವುದನ್ನು ಕಂಡು ಊಟದ ಹೊತ್ತು ಮೀರಿದ್ದೇ ತಿಳಿಯಲಿಲ್ಲ.

ನವೆಂಬರ್ 14

ಡಿಎನ್‌ಎಯ ಯಾವ ಅಕ್ಷರ ಕೂಡುಕೆಯಲ್ಲಿದ್ದರೆ ಸಂಧಿ ಯಾವ ಕಡೆ ವಾಲುತ್ತದೆ? ಹಳೆಯ ದಾರಿಯಲ್ಲಿ ಒಂದೊಂದೇ ಡಿಎನ್‌ಎ ತರಿಸಿ, ಒಂದೊಂದನ್ನೇ ಚಿತ್ರೀಕರಿಸಬೇಕು. ಬೆರಳೆಣಿಕೆಯ ಅಕ್ಷರ ಅನುಕ್ರಮಗಳಿಗೇ ಒಂದು ಪಿಎಚ್‌ಡಿ ಮುಗಿಯುತ್ತದೆ.

ಈ ಊರಿನ ಚಿರ್ಲ್ಮಿನ್ ಜೂ ಅವರ ಗುಂಪು ಆಗಸ್ಟ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸ್ಪಾರ್ಕ್ಸ್ ವಿಧಾನ ಇಲ್ಲೇ ಕೈಹಿಡಿಯುತ್ತದೆ. ಸಾವಿರಾರು ಅನುಕ್ರಮಗಳನ್ನು ಒಟ್ಟಿಗೇ ಬೆರೆಸಿ ಸೀಕ್ವೆನ್ಸಿಂಗ್ ಚಿಪ್ಪಿನ ಮೇಲೇ ಹರಡುವುದು. ಮೊದಲು ಸೂಕ್ಷ್ಮದರ್ಶಕದಲ್ಲಿ ಕುಣಿತದ ಚಿತ್ರೀಕರಣ. ಆಮೇಲೆ ಅದೇ ಚಿಪ್ಪು ಸೀಕ್ವೆನ್ಸರಿಗೆ. ಅಣು ಇದ್ದ ಜಾಗದಲ್ಲೇ ಅದರ ಪ್ರತಿಗಳು ಗುಂಪಾಗಿ ಬೆಳೆಯುತ್ತವೆ, ಯಂತ್ರ ಅಕ್ಷರಗಳನ್ನು ಓದುತ್ತದೆ. ಕುಣಿದದ್ದು ಯಾರು ಎಂಬುದು ಕುಣಿತ ಮುಗಿದ ಮೇಲೆ ಗೊತ್ತಾಗುವುದು! ಅದೇ ಸಂಚಿಕೆಯಲ್ಲಿ ಉಪ್ಸಲಾದ ಗುಂಪು ಇಂಥದ್ದೇ ಉಪಾಯದಿಂದ ಡಿಎನ್‌ಎ ಕತ್ತರಿಸುವ ಕ್ಯಾಸ್9 ಕಿಣ್ವವು ಡಿಎನ್‌ಎಯನ್ನು ಬಿಚ್ಚಿ ಮಡಚುವುದನ್ನು ಹಿಡಿದಿದೆ.

ನವೆಂಬರ್ 15, ರಾತ್ರಿ

ಚಿಪ್ಪು ಯಂತ್ರದೊಳಗಿದೆ, ನಾಳೆಯವರೆಗೆ ಕೆಲಸವಿಲ್ಲ. ಈ ಯಂತ್ರದ ಮೂಲಪುರುಷರಲ್ಲೊಬ್ಬರಾದ, ಚೆನ್ನೈಯಲ್ಲಿ ಹುಟ್ಟಿದ ಶಂಕರ್ ಬಾಲಸುಬ್ರಮಣಿಯನ್ ಅವರನ್ನು ನೆನೆದೆ. ಕೇಂಬ್ರಿಜ್‌ನಲ್ಲಿ ಅವರೂ ಡೇವಿಡ್ ಕ್ಲೆನರ್ಮನ್ ಅವರೂ ಬಣ್ಣ ಹಚ್ಚಿ ನೋಡಹೊರಟದ್ದು, ಪಾಲಿಮರೇಸ್ ಎಂಬ ಕಿಣ್ವ ಡಿಎನ್‌ಎ ಕಟ್ಟುವುದನ್ನು, ಒಂದೊಂದೇ ಅಣುವಿನ ಮಟ್ಟದಲ್ಲಿ. 1997ರ ಬೇಸಿಗೆಯಲ್ಲಿ ಪ್ಯಾಂಟನ್ ಆರ್ಮ್ಸ್ ಎಂಬ ಪಬ್ಬಿನಲ್ಲಿ ಕೂತು ಆಡಿದ ಮಾತು ಸೊಲೆಕ್ಸಾ ಕಂಪನಿಯಾಯಿತು, 2007ರಲ್ಲಿ ಇಲ್ಯುಮಿನಾ ಕಂಪನಿಯ ಕೈ ಸೇರಿತು. ಜೀನೋಮ್ ಓದುವ ಈ ಯಂತ್ರ ಹುಟ್ಟಿದ್ದೇ ಒಂದು ಅಣುವನ್ನು ಕಾಣುವ ಆಸೆಯಿಂದ. ಈ ಯಂತ್ರ ಈಗ ಮಾಡುತ್ತಿರುವುದು ತವರಿನ ಕೆಲಸ ಎಂದೇ ನನಗನ್ನಿಸುತ್ತದೆ. ಕುತೂಹಲಕ್ಕೆ ಮಾಡುವ ಸಂಶೋಧನೆಗೆ ಹಣ ಯಾಕೆ ಎನ್ನುವವರಿಗೆ ಈ ಕಥೆಯನ್ನೇ ಹೇಳಬೇಕು.

ನವೆಂಬರ್ 18

ಸೂಕ್ಷ್ಮದರ್ಶಕದ್ದು, ಸೀಕ್ವೆನ್ಸರಿನದು, ಎರಡು ನಕ್ಷೆಗಳೂ ಕೂಡಿಕೊಂಡವು. ನಕ್ಷತ್ರಪುಂಜ ಗುರುತಿಸುವಂತೆ, ಚುಕ್ಕಿಗಳ ವಿನ್ಯಾಸ ನೋಡಿಯೇ ಹೊಂದಿಸಬೇಕು. ಚಿತ್ರೀಕರಿಸಿದ ಎಷ್ಟೋ ಚುಕ್ಕಿಗಳಿಗೆ ಅಕ್ಷರ ಸಿಗಲಿಲ್ಲ, ಸಿಕ್ಕವುಗಳಲ್ಲೇ ಬೇಕಾದಷ್ಟಿದೆ. ಕೂಡುಕೆಯಲ್ಲಿ ಒಂದೇ ಅಕ್ಷರ ಬೇರೆಯಾದ ಎರಡು ಸಂಧಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಒಂದು ಎರಡೂ ಕಡೆ ಸಮನಾಗಿ ಹೊರಳುತ್ತದೆ. ಇನ್ನೊಂದು ಬಹುಪಾಲು ಕೆಂಪಿನಲ್ಲೇ ನಿಂತು, ಅಪರೂಪಕ್ಕೆ ಹಸಿರಿಗೆ ಹೋಗಿ ಬರುತ್ತದೆ. ಈ ಎರಡನೆಯದರ ಅಕ್ಷರವಿರುವ ಉಳಿದೆಲ್ಲ ಅಣುಗಳನ್ನೂ ನಾಳೆ ಹೆಕ್ಕಿ ತೆಗೆಯಬೇಕು.