ಮೂಲವ್ಯಾಧಿಯೆಂದು ಸುಮ್ಮನಾಗಬೇಡಿ

ನಮ್ಮ ಚಾಮರಾಜನಗರ, ಗುಂಡ್ಲುಪೇಟೆಯ ಕಡೆ ಮಲದಲ್ಲಿ ರಕ್ತ ಕಂಡಿತೆಂದರೆ ಬರುವ ಮೊದಲ ಮಾತು ‘ಮೂಲವ್ಯಾಧಿ ಇರಬೇಕು’ ಎಂಬುದು. ಖಾರ ಬಿಡಿ, ಮಜ್ಜಿಗೆ ಕುಡಿಯಿರಿ, ನಾಟಿ ಔಷಧಿ ತೆಗೆದುಕೊಳ್ಳಿ ಎಂಬ ಸಲಹೆಗಳಿಗೂ ಬರವಿಲ್ಲ. ಬಹುಪಾಲು ಆ ಊಹೆ ಸರಿಯೂ ಆಗಿರುತ್ತದೆ. ಗುಂಡ್ಲುಪೇಟೆಯಲ್ಲಿದ್ದ ನನ್ನ ದೊಡ್ಡಮ್ಮನ ಮಗ ಅದನ್ನೇ ನಂಬಿ, ಮುಜುಗರದಿಂದ ಯಾರಿಗೂ ಹೇಳದೆ ಎಂಟು ತಿಂಗಳು ಕಳೆದರು. ಕೊನೆಗೆ ಬೆಂಗಳೂರಿನಲ್ಲಿ ಬಯಾಪ್ಸಿ ಮಾಡಿಸಿದಾಗ ತಿಳಿದದ್ದು ಗುದದ ಮೆಲನೋಮಾ.

ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಬಾಯಿ, ಅನ್ನನಾಳ, ಗುದದ ಒಳಪೊರೆಗಳಲ್ಲಿಯೂ ಇರುತ್ತವೆ. ಅವು ಕ್ಯಾನ್ಸರಿಗೆ ತಿರುಗಿದರೆ ಅದೇ ಮೆಲನೋಮಾ. ಜೀರ್ಣಾಂಗದಲ್ಲಿಯೇ ಹುಟ್ಟುವುದು ಬಹಳ ಅಪರೂಪ. ಹುಟ್ಟಿದರೆ ಹೆಚ್ಚಾಗಿ ಗುದ ಮತ್ತು ಗುದನಾಳದಲ್ಲಿ. ಸಣ್ಣಕರುಳಿನಲ್ಲಿ ಕಾಣುವುದು ಸಾಮಾನ್ಯವಾಗಿ ಚರ್ಮದಿಂದ ಹರಡಿ ಬಂದದ್ದು. ಕೆಲವು ಗೆಡ್ಡೆಗಳಿಗೆ ಕಪ್ಪು ಬಣ್ಣವೇ ಇರುವುದಿಲ್ಲವಾದ್ದರಿಂದ, ನೋಡಲು ಮೂಲವ್ಯಾಧಿಯಂತೆಯೇ ತೋರುತ್ತವೆ.

ಇದರ ಮುನ್ಸೂಚನೆ ಕಠಿಣವೇ. ಗುದದ ಮೆಲನೋಮಾದಲ್ಲಿ ಐದು ವರ್ಷ ದಾಟುವವರು ಒಟ್ಟಾರೆ ನೂರಕ್ಕೆ 20ಕ್ಕಿಂತ ಕಡಿಮೆ ಎಂದೇ ಬಹುತೇಕ ಅಧ್ಯಯನಗಳು ಹೇಳುತ್ತವೆ. ದುಗ್ಧಗ್ರಂಥಿ, ಯಕೃತ್ತು, ಶ್ವಾಸಕೋಶಗಳಿಗೆ ಹರಡುವ ಮೊದಲೇ ಪತ್ತೆಯಾದವರ ಸ್ಥಿತಿ ಇದಕ್ಕಿಂತ ಉತ್ತಮ. ಗುದವನ್ನೇ ತೆಗೆದು ಹೊಟ್ಟೆಯ ಮೇಲೆ ಚೀಲ ಕಟ್ಟುವ ದೊಡ್ಡ ಶಸ್ತ್ರಚಿಕಿತ್ಸೆಯಿಂದ ಆಯುಷ್ಯ ಹೆಚ್ಚುವ ಖಾತರಿಯಿಲ್ಲ. ಆದ್ದರಿಂದ ಸಾಧ್ಯವಾದಲ್ಲಿ ಗೆಡ್ಡೆಯನ್ನೂ ಅದರ ಸುತ್ತಲಿನ ಭಾಗವನ್ನೂ ಮಾತ್ರ ತೆಗೆಯುತ್ತಾರೆ. ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಬಿಡುವ ಚಿಕಿತ್ಸೆಗೆ ದಾರಿ ತೋರಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂದಿತು. ಆ ಔಷಧಗಳು ದುಬಾರಿ. ಚರ್ಮದ ಮೆಲನೋಮಾದಲ್ಲಿ ಕೊಟ್ಟಷ್ಟು ಫಲವನ್ನು ಇಲ್ಲಿ ಕೊಡುವುದಿಲ್ಲ. ಆದರೂ ಕೆಲವರಿಗೆ ವರ್ಷಗಳನ್ನು ಕೊಟ್ಟಿವೆ.

“ನೀವು ಲೆಕ್ಕದ ಮೇಷ್ಟ್ರು, ಹೇಳಿ, ಇವರಿಗೆ ಎಷ್ಟು ದಿನ?” ಎಂದು ಅತ್ತಿಗೆಯವರು ಕೇಳಿದರು. ಶಾಲೆಯ ಫಲಿತಾಂಶ ಶೇಕಡ 20 ಎಂದ ಮಾತ್ರಕ್ಕೆ ಮೂರನೆಯ ಬೆಂಚಿನ ಹುಡುಗ ಪಾಸೋ ಫೇಲೋ ಹೇಳಲಾಗದು ಎಂದೆ. ಅದು ಸಮಾಧಾನದ ಮಾತಲ್ಲ, ಗಣಿತವೇ. ಶೇಕಡಾವಾರು ಗುಂಪಿನದು, ಮನುಷ್ಯ ಒಬ್ಬನೇ. ಅಣ್ಣ ಹದಿನಾಲ್ಕು ತಿಂಗಳು ಇದ್ದರು. ಮೊಮ್ಮಗಳ ಮದುವೆಯನ್ನು ಮುಂದೆ ನಿಂತು ಮಾಡಿಸಿದರು.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಈಗ ಐವತ್ತು ದಾಟಿದೆ. ರಕ್ತ ಕಂಡರೆ ಸಂಕೋಚಪಡದೆ ವೈದ್ಯರಿಗೆ ತೋರಿಸಿ. ಬೆರಳಿಟ್ಟು ನೋಡುವ ಪರೀಕ್ಷೆಗೆ ಎರಡು ನಿಮಿಷ ಸಾಕು. ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ 1973ರಿಂದ ಇದೆ. ಮೂಲವ್ಯಾಧಿಯೇ ಆಗಿದ್ದರೆ ನಗುತ್ತ ಮನೆಗೆ ಬನ್ನಿ. ಅಲ್ಲವಾದರೆ, ಉಳಿಸಿಕೊಂಡ ಒಂದೊಂದು ತಿಂಗಳೂ ನಿಮ್ಮದೇ.