ಸುಮ್ಮನೆ ಕೂರಿಸಿದ್ದು ಯಾಕೆ?

ಕಿಣ್ವ ಅಂದಕೂಡಲೇ ಕಾಸರಗೋಡಿನ ನಮ್ಮ ಶಾಲೆಯ ಮಕ್ಕಳು ಹೇಳುವುದು ಒಂದೇ ಹೆಸರು: ಜೊಲ್ಲಿನ ಅಮೈಲೇಸ್. ಅದಕ್ಕಿಂತ ಮುಂದೆ ಹೋಗುವ ಅಗತ್ಯ ನಮಗೂ ಬಿದ್ದಿರಲಿಲ್ಲ. ಕಳೆದ ವರ್ಷ ನಮ್ಮ ಜೊತೆಯ ಟೀಚರೊಬ್ಬರಿಗೆ ಕ್ಯಾನ್ಸರ್ ಅಂತ ಗೊತ್ತಾಗಿ, ಮಂಗಳೂರಿಗೆ ಪೆಟ್ ಸ್ಕ್ಯಾನಿಗೆ ಹೋಗಿ ಬಂದರು. "ಉಪವಾಸ ಬೇರೆ. ಇಂಜೆಕ್ಷನ್ ಕೊಟ್ಟು ಒಂದು ಗಂಟೆ ಅಲ್ಲಾಡದೆ ಕೂರಿಸಿದರು" ಅಂತ ನಕ್ಕರು. ಮಕ್ಕಳು ನಮ್ಮನ್ನು ಹಿಡಿದುಕೊಂಡರು, ಯಾಕೆ ಕೂರಿಸಿದ್ದು? ನಮಗೆ ಗೊತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಕೂತು ಓದಿದೆವು.

ಜೀವಕೋಶದೊಳಗೆ ಹೆಕ್ಸೊಕೈನೇಸ್ ಎಂಬ ಕಿಣ್ವವಿದೆ. ಒಳಗೆ ಬಂದ ಗ್ಲೂಕೋಸಿಗೆ ಅದು ಒಂದು ಫಾಸ್ಫೇಟ್ ಜೋಡಿಸುತ್ತದೆ. ಹಟ್ಟಿಗೆ ಬಂದ ದನಕ್ಕೆ ಹಗ್ಗ ಕಟ್ಟಿದ ಹಾಗೆ, ಮತ್ತೆ ಹೊರಗೆ ಹೋಗುವಂತಿಲ್ಲ. ಅನೇಕ ಕ್ಯಾನ್ಸರ್ ಕೋಶಗಳಲ್ಲಿ ಈ ಕಿಣ್ವ ಹೆಚ್ಚು, ಗ್ಲೂಕೋಸ್ ಎಳೆದುಕೊಳ್ಳುವುದೂ ಹೆಚ್ಚು. ಆಮ್ಲಜನಕ ಇದ್ದರೂ ಅವು ಗ್ಲೂಕೋಸನ್ನು ಪೂರ್ತಿ ಉರಿಸದೆ ಲ್ಯಾಕ್ಟಿಕ್ ಆಮ್ಲ ಮಾಡುವುದನ್ನು 1920ರ ದಶಕದಲ್ಲಿ ಜರ್ಮನಿಯ ಒಟ್ಟೊ ವಾರ್ಬರ್ಗ್ ಗಮನಿಸಿದರು. ಪೂರ್ತಿ ಉರಿಸಿದರೆ ಸುಮಾರು 30 ಎಟಿಪಿ, ಹೀಗೆ ಮಾಡಿದರೆ ಬರೇ 2. ಇದೆಂಥಾ ದುಂದು! ಆದರೆ ಬೆಳೆಯುವ ಕೋಶಕ್ಕೆ ಶಕ್ತಿ ಮಾತ್ರ ಸಾಲದು, ಹೊಸ ಕೋಶ ಕಟ್ಟಲು ಸಾಮಾನೂ ಬೇಕು. ಒಂದಷ್ಟು ಗ್ಲೂಕೋಸ್ ಅದಕ್ಕೆ ಹೋಗುತ್ತದೆ.

ಇಂಜೆಕ್ಷನ್ನಿನಲ್ಲಿದ್ದದ್ದು ವಿಕಿರಣ ಸೂಸುವ ಫ್ಲೋರಿನ್ ಸೇರಿಸಿದ ಗ್ಲೂಕೋಸ್. ಹೆಕ್ಸೊಕೈನೇಸ್ ಅದಕ್ಕೂ ಹಗ್ಗ ಕಟ್ಟುತ್ತದೆ, ಮುಂದಿನ ಕಿಣ್ವಕ್ಕೆ ಅದು ಒಗ್ಗುವುದಿಲ್ಲ. ಅಲ್ಲೇ ಉಳಿಯುತ್ತದೆ, ಯಂತ್ರಕ್ಕೆ ಕಾಣುತ್ತದೆ. ಅಲ್ಲಾಡಿದರೆ ಸ್ನಾಯುಗಳೂ ಅದನ್ನು ಎಳೆದುಕೊಂಡು ಚಿತ್ರ ಗೊಂದಲವಾಗುತ್ತದೆ. ಕೂರಿಸಿದ್ದು ಅದಕ್ಕೆ!

ಇಷ್ಟಕ್ಕೇ ಮುಗಿಯಲಿಲ್ಲ ನೋಡಿ. ಸಕ್ಕರೆ, ಅನ್ನ ಬಿಟ್ಟರೆ ಕ್ಯಾನ್ಸರ್ ಒಣಗುತ್ತದೆ ಅಂತ ಯಾರೋ ಹೇಳಿದ್ದರು. ಟೀಚರ್ ಗಂಜಿಯನ್ನೂ ಬಿಟ್ಟಿದ್ದರು. ನಾವೂ ಹೌದು ಹೌದು ಅಂತ ತಲೆಯಾಡಿಸಿದ್ದೆವು. ಓದುವಾಗ ನಾಚಿಕೆಯಾಯಿತು. ನಾವು ತಿನ್ನದಿದ್ದರೂ ಯಕೃತ್ತು ಗ್ಲೂಕೋಸ್ ಮಾಡುತ್ತಲೇ ಇರುತ್ತದೆ, ಅದಕ್ಕಾಗಿ ಸ್ನಾಯುವಿನ ಪ್ರೋಟೀನನ್ನೂ ಕರಗಿಸಿಕೊಳ್ಳುತ್ತದೆ. ಸೊರಗುವುದು ಗಡ್ಡೆಯಲ್ಲ, ಮನುಷ್ಯ. ಮಿದುಳು, ಹೃದಯದಲ್ಲೂ ಹೆಕ್ಸೊಕೈನೇಸ್ ಇರುವುದರಿಂದ ಅದನ್ನು ಸುಮ್ಮನೆ ನಿಲ್ಲಿಸಿಬಿಡುವುದೂ ಸುಲಭವಲ್ಲ.

ಅವರ ಮನೆಗೆ ಹೋಗಿ ತಪ್ಪೊಪ್ಪಿಕೊಂಡು, ಊಟದ ಬಗ್ಗೆ ಡಾಕ್ಟರರನ್ನೇ ಕೇಳಿ ಅಂದೆವು. ಕೇಳಿದರಂತೆ. ಚೆನ್ನಾಗಿ ಉಣ್ಣಿ ಅಂದರಂತೆ. ಚಿಕಿತ್ಸೆ ಇನ್ನೂ ನಡೆಯುತ್ತಿದೆ. ಬಂದ ದಿನಗಳಲ್ಲಿ ನಮ್ಮ ಜೊತೆ ಬುತ್ತಿ ಬಿಚ್ಚುತ್ತಾರೆ. ಮಕ್ಕಳು ಅವತ್ತು ಕೇಳದೇ ಇದ್ದಿದ್ದರೆ ನಾವು ಇನ್ನೂ ತಲೆಯಾಡಿಸುತ್ತಲೇ ಇರುತ್ತಿದ್ದೆವೋ ಏನೋ...