ಏಳುವ ದೋಣಿ, ಇಳಿಯುವ ನೀರು

ಬಾಲಗಾಂವದಿಂದ ಕೃಷ್ಣೆಯ ಕಡೆಗೆ ಹೊರಟರೆ ನೀರಿನ ಲೆಕ್ಕ ಊರ ಅಗಸೆಯಲ್ಲೇ ಶುರುವಾಗುತ್ತದೆ. ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಈ ಗಡಿ ಸೀಮೆಯಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಎರಡರಲ್ಲೂ ಆಡುವ ವಿಷಯ ಮಾತ್ರ ಒಂದೇ, ಮಳೆ. ದಾರಿಯುದ್ದಕ್ಕೂ ಜೋಳದ ಹೊಲಗಳು, ನಡುನಡುವೆ ದ್ರಾಕ್ಷಿ ಪಡಗಳು, ಪಡದ ಮೂಲೆಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡ. ಹಾಳೆಯ ಮೇಲೆ ಒಂದರ ಕೆಳಗೊಂದು ಬಿದ್ದ ಕೆಸರಿನ ಗೆರೆಗಳನ್ನು ನೋಡಿದರೆ ನೀರು ಎಷ್ಟೆಷ್ಟು ಇಳಿಯಿತೆಂದು ಓದಿಕೊಳ್ಳಬಹುದು. 2022ರ ಡಿಸೆಂಬರಿನಲ್ಲಿ ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ಗಡಿ ದಾಟಿ ಇದೇ ತಾಲೂಕಿನ ತಿಕ್ಕುಂಡಿ ಕೆರೆಗೆ ಹರಿದಾಗ ಎರಡು ರಾಜ್ಯಗಳಲ್ಲಿ ಅದು ದೊಡ್ಡ ಸುದ್ದಿಯಾಯಿತು. ಇಂಥ ನೆಲವನ್ನು ಹಾದು, ವಿಜಯಪುರ ದಾಟಿ, ಕೊಲ್ಹಾರದ ಹತ್ತಿರ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಬಂದಾಗ ಕಣ್ಣು ಹಾಯುವಷ್ಟು ದೂರ ನೀರೇ. ಇಷ್ಟು ನೀರಿರುವಾಗ ಹೈಡ್ರೋಫಾಯಿಲ್ ದೋಣಿ ಇಲ್ಲೇಕೆ ಓಡಬಾರದು? ಈ ಪ್ರಶ್ನೆಯನ್ನು ನಾನು ಗಂಭೀರವಾಗಿಯೇ ತೆಗೆದುಕೊಳ್ಳುತ್ತೇನೆ. ಓಡಬಾರದು ಎಂಬುದು ನನ್ನ ಉತ್ತರ. ಅದಕ್ಕೆ ಕಾರಣ ದೋಣಿಯಲ್ಲಿಲ್ಲ, ನೀರಿನಲ್ಲಿದೆ.

ದೋಣಿಯ ತಳಕ್ಕೆ ಕಂಬಗಳನ್ನು ಇಳಿಸಿ, ಅವುಗಳ ತುದಿಗೆ ವಿಮಾನದ ರೆಕ್ಕೆಯಂಥ ಫಲಕ ಕೂಡಿಸಿದರೆ ಅದೇ ಹೈಡ್ರೋಫಾಯಿಲ್. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಹಾಗಾಗಿ ಚಿಕ್ಕ ರೆಕ್ಕೆಯೂ ಭಾರೀ ತೂಕ ಎತ್ತಬಲ್ಲದು. ದೋಣಿ ಒಂದು ವೇಗ ಮುಟ್ಟಿದೊಡನೆ ಅದರ ಒಡಲು ನೀರಿನಿಂದ ಮೇಲೇಳುತ್ತದೆ, ಅಲೆ ಸೀಳುವ ಶ್ರಮ ತಪ್ಪುತ್ತದೆ. ಇಟಲಿಯ ಎನ್ರಿಕೊ ಫೋರ್ಲಾನಿನಿ 1906ರಲ್ಲಿ ಮಜ್ಜೋರೆ ಸರೋವರದಲ್ಲಿ ಇದನ್ನು ಮಾಡಿ ತೋರಿಸಿದ. ಟೆಲಿಫೋನಿನ ಗ್ರಹಾಂ ಬೆಲ್ ಮತ್ತು ಕೇಸಿ ಬಾಲ್ಡ್ವಿನ್ ಕಟ್ಟಿದ ಎಚ್‌ಡಿ-4 ದೋಣಿ 1919ರಲ್ಲಿ ಗಂಟೆಗೆ 114 ಕಿಲೋಮೀಟರ್ ವೇಗದಲ್ಲಿ ಓಡಿತು. ಆದರೆ ಮೇಲೇಳುವ ವೇಗ ಮುಟ್ಟದ ಹೈಡ್ರೋಫಾಯಿಲ್ ಸಾಮಾನ್ಯ ದೋಣಿಗಿಂತ ಕಡೆ. ಆಗ ರೆಕ್ಕೆಯೇ ಹೊರೆ, ಆಳವೂ ಹೆಚ್ಚು ಬೇಕು.

ಈಗ ಹಿನ್ನೀರನ್ನು ದಂಡೆಯಿಂದಲೇ ನೋಡಬೇಕು. ಆಲಮಟ್ಟಿ ತುಂಬಿದಾಗಿನ ಮಟ್ಟ 519.60 ಮೀಟರ್. ಬೇಸಿಗೆಯ ಹೊತ್ತಿಗೆ ಅದು ಹತ್ತು ಮೀಟರಿಗೂ ಹೆಚ್ಚು ಇಳಿಯಬಹುದು. ಇಳಿದಂತೆಲ್ಲ ದಂಡೆ ಹಿಂದೆ ಸರಿದು ಮುಳುಗಿದ ಗೋಡೆ, ಒಣಗಿದ ಮರದ ಬೊಡ್ಡೆ, ಹಳೆಯ ಬದುಗಳು ಮೇಲಕ್ಕೆ ಬರುತ್ತವೆ. ದಂಡೆಗುಂಟ ರೈತರ ಪಂಪ್‌ಸೆಟ್ಟುಗಳು ನೀರಿಗೆ ಪೈಪು ಇಳಿಬಿಟ್ಟಿರುತ್ತವೆ; ನೀರು ಸರಿದಷ್ಟೂ ಪೈಪು ಉದ್ದವಾಗುತ್ತದೆ. ಆಚೆಗೆ ಮೀನುಗಾರರ ಬಲೆಗಳು. ವೇಗವಾಗಿ ಹಾಯುವ ರೆಕ್ಕೆಗೆ ಒಂದು ಬೊಡ್ಡೆ ತಗುಲಿದರೆ ದೋಣಿಗೆ ಅಪಾಯ, ಬಲೆ ಸಿಕ್ಕರೆ ಬಡವನ ಅನ್ನಕ್ಕೆ ಸಂಚಕಾರ.

ರಷ್ಯಾದ ನದಿಗಳಲ್ಲಿ ಓಡಿಲ್ಲವೇ ಎಂದು ಕೇಳುವವರಿದ್ದಾರೆ. ಓಡಿದೆ. ರೊಸ್ತಿಸ್ಲಾವ್ ಅಲೆಕ್ಸೆಯೆವ್ ರೂಪಿಸಿದ ರಾಕೆತಾ ಎಂಬ ಹೈಡ್ರೋಫಾಯಿಲ್ 1957ರಲ್ಲಿ ವೋಲ್ಗಾ ನದಿಯ ಮೇಲೆ ಗೋರ್ಕಿಯಿಂದ ಕಜಾನಿಗೆ 420 ಕಿಲೋಮೀಟರನ್ನು ಸುಮಾರು ಏಳು ಗಂಟೆಯಲ್ಲಿ ಮುಟ್ಟಿತು. ಆದರೆ ಅಲ್ಲಿ ಹಡಗುಗಳಿಗೆಂದೇ ಗುರುತು ಹಾಕಿ ಕಾಯ್ದುಕೊಂಡ ಜಲಮಾರ್ಗವಿತ್ತು, ದಂಡೆಯ ಪಟ್ಟಣಗಳಲ್ಲಿ ಧಕ್ಕೆಗಳಿದ್ದವು. ಸ್ಟಾಕ್‌ಹೋಮಿನಲ್ಲಿ 2024ರ ಅಕ್ಟೋಬರಿನಲ್ಲಿ ಕಾಂಡೆಲಾ ಪಿ-12 ಎಂಬ ವಿದ್ಯುತ್ ದೋಣಿ ಎಕೆರೋದಿಂದ ನಗರದವರೆಗಿನ ಸುಮಾರು 15 ಕಿಲೋಮೀಟರ್ ದಾರಿಯಲ್ಲಿ ಜನರನ್ನು ಒಯ್ಯತೊಡಗಿತು. ಹಳೆಯ ದೋಣಿಗೆ 55 ನಿಮಿಷ ಹಿಡಿಯುತ್ತಿದ್ದ ದಾರಿ ಅರ್ಧದಷ್ಟು ಹೊತ್ತಿನದಾಯಿತು. ಅದು ಓಡಿದ್ದು ಮೆಲಾರೆನ್ ಸರೋವರದಲ್ಲಿ. ಆ ಸರೋವರದ ಮಟ್ಟವನ್ನು ಹೆಚ್ಚು ಏರಿಳಿಯದಂತೆ ಕಾಯುತ್ತಾರೆ. ಆಲಮಟ್ಟಿಯ ಮಟ್ಟವನ್ನು ಹಾಗೆ ಹಿಡಿದಿಡು ಎಂದರೆ ಹೊಲಕ್ಕೆ ನೀರು ಬಿಡಬೇಡ ಎಂದ ಹಾಗೆ. ಈ ಮಾತನ್ನು ಬಾಲಗಾಂವದ ಸೀಮೆ ನೋಡಿ ಬಂದವರು ಆಡಲಾರರು.

ಇಂದಿನ ದೋಣಿಗಳು ಆಳವಿಲ್ಲದ ಕಡೆ ರೆಕ್ಕೆ ಮೇಲೆತ್ತಿಕೊಳ್ಳುತ್ತವಲ್ಲ ಎಂಬ ಮಾತೂ ನಿಜ. ಎತ್ತಿದ ಮೇಲೆ ಅದೂ ಮಾಮೂಲಿ ದೋಣಿಯೇ. ಹಾರುವುದಕ್ಕೆ ಕೊಟ್ಟ ದುಡ್ಡು ತೆವಳುವುದಕ್ಕೆ ಹೋಗುತ್ತದೆ. ಉಳಿಯುವ ಹೊತ್ತಾದರೂ ಎಷ್ಟು? ಈ ಹಿನ್ನೀರನ್ನು ದಾಟುವ ಕೊರ್ತಿ–ಕೊಲ್ಹಾರ ಸೇತುವೆಯ ಉದ್ದ ಸುಮಾರು ಮೂರು ಕಿಲೋಮೀಟರ್. ಗಂಟೆಗೆ 45 ಕಿಲೋಮೀಟರ್ ವೇಗದ ದೋಣಿ ಅಷ್ಟನ್ನು ನಾಲ್ಕು ನಿಮಿಷದಲ್ಲಿ ದಾಟೀತು, ಸಾದಾ ದೋಣಿಗೆ ಹನ್ನೆರಡು ನಿಮಿಷ ಬೇಕು. ಆ ಎಂಟು ನಿಮಿಷವನ್ನು ಸೇತುವೆಯ ಮೇಲಿನ ಬಸ್ಸು ಈಗಾಗಲೇ ಉಳಿಸಿಕೊಟ್ಟಿದೆ.

ಕೃಷ್ಣೆಯ ದಂಡೆಯವರಿಗೆ ದೋಣಿ ನಿಜಕ್ಕೂ ಬೇಕಾಗುವುದು ನೆರೆಯಲ್ಲಿ. 2019ರ ಆಗಸ್ಟ್ 8ರಂದು ಸಾಂಗ್ಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ನೆರೆಗೆ ಸಿಕ್ಕವರನ್ನು ಸಾಗಿಸುತ್ತಿದ್ದ ದೋಣಿ ಮಗುಚಿ ಹಲವರು ಸತ್ತರು. ತೇಲಿ ಬರುವ ಮರ, ಮುಳುಗಿದ ಬೇಲಿ, ತಂತಿಗಳ ನಡುವೆ ನಿಧಾನವಾಗಿ ಸಾಗುವ, ಅಗಲ ತಳದ, ಎಷ್ಟು ಜನ ಹತ್ತಬಹುದೆಂದು ಒಡಲ ಮೇಲೇ ದಪ್ಪಕ್ಷರದಲ್ಲಿ ಬರೆದ ದೋಣಿ, ಹತ್ತಿದ ಪ್ರತಿಯೊಬ್ಬರಿಗೂ ಒಂದು ಲೈಫ್ ಜಾಕೆಟ್, ಮಳೆಗಾಲಕ್ಕೆ ಮೊದಲೇ ತಯಾರಾದ ಚಾಲಕ: ಹಾರುವ ದೋಣಿಗೆಂದು ಎತ್ತಿಡುವ ಹಣ ಮೊದಲು ಇವುಗಳಿಗೆ ಸಲ್ಲಬೇಕು.